ಯಾರೂ ಒಯ್ಯದ ಹಾಯಿ

ಎಲ್ವಿರಾ ತೋಬಿಯಾಸೊನ್ ನಿಂತಲ್ಲಿ ನಿಲ್ಲುವ ಹೆಂಗಸಲ್ಲ. ಚರ್ಚಿನಲ್ಲಿ ಪಾದ್ರಿಗಳು ಪ್ರಾರ್ಥನೆ ಹೇಳುತ್ತಿದ್ದರೆ ಇವಳ ಹಿಮ್ಮಡಿ ನೆಲ ಕುಟ್ಟುತ್ತಿತ್ತು. ಯಾರಾದರೂ ಕಾಫಿಗೆ ಕರೆದರೆ ಬಟ್ಟಲು ಹಿಡಿದುಕೊಂಡೇ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡಿ, ಗಾಳಿ ಎತ್ತ ತಿರುಗಿತೆಂದು ನೋಡುತ್ತಿದ್ದಳು. ಅಂಗಡಿಯ ತೆಕ್ಲಾ ಅವಳನ್ನು ಕಂಡಾಗಲೆಲ್ಲ, "ಒಂದ್ಗಳಿಗೆ ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನನ್ನ ತಲೆ ತಿರುಗ್ತದೆ" ಎನ್ನುತ್ತಿದ್ದಳು. "ತಿರುಗಿದ್ರೆ ಕಣ್ಮುಚ್ಕೋ" ಎಂದು ಇವಳ ಜವಾಬು.

ನಾನು ಗೆರ್ಡಾ. ಫೋಲ್ಕೆಯನ್ನು ಮದುವೆಯಾಗಿ ಗ್ರೋಶೇರ್ ದ್ವೀಪಕ್ಕೆ ಬಂದ ವರ್ಷವೇ ಎಲ್ವಿರಾಳ ಗಂಡ ಮಾಲ್ತೆಯ ಹಾಯಿ ಹೊಲಿಯುವ ಅಟ್ಟದಲ್ಲಿ ಕೆಲಸಕ್ಕೆ ಸೇರಿದೆ. ಬಂದರಿಗೆ ಬರುವ ಹಡಗುಗಳಿಗೆ ಬಂಡೆಗಳ ನಡುವೆ ದಾರಿ ತೋರಿಸುವುದು ಫೋಲ್ಕೆಯ ಕೆಲಸ. ಊರ ಹಿಂದಿನ ಗುಡ್ಡದ ಕಾವಲುಮನೆಯಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದ. ನಾನು ಅಟ್ಟದಲ್ಲಿ ದಬ್ಬಣ ಹಿಡಿದು ಕೂರುತ್ತಿದ್ದೆ. ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿದ್ದ ಕಾಲ ಅದು. ಸ್ವೀಡನ್ನಿನ ನಮ್ಮ ಪಡುವಣ ಕರಾವಳಿಗೆ ಪೇಟೆಯ ಜನ ಬೇಸಿಗೆ ಕಳೆಯಲು ದೋಣಿ ಕಟ್ಟಿಕೊಂಡು ಬರುತ್ತಿದ್ದರು. ಸೆಪ್ಟೆಂಬರಿನ ಮೊದಲ ಚಳಿಗೆ ವಾಪಸು ಓಡುತ್ತಿದ್ದರು. ಅವರ ದೋಣಿಗಳು ಸಿಕ್ಸ್ಟೆನ್ನನ ದೋಣಿಮನೆಗೆ, ಹಾಯಿಗಳು ನಮ್ಮ ಅಟ್ಟಕ್ಕೆ.

ಆಗಿನ ಹಾಯಿಗಳೆಲ್ಲ ಹತ್ತಿಯವು. ಬಟ್ಟೆಯಲ್ಲಿ ಕಡಲಿನ ಉಪ್ಪು ಉಳಿದರೆ ಅದು ಚಳಿಗಾಲವಿಡೀ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ತೇವ ಇದ್ದಲ್ಲಿ ಬೂಷ್ಟು. ಬೂಷ್ಟು ಹತ್ತಿದ ಹಾಯಿ ಮುಂದಿನ ವರ್ಷದ ಮೊದಲ ಬಿರುಗಾಳಿಗೇ ಹಳೇ ಕಾಗದದಂತೆ ಹರಿಯುತ್ತದೆ. ಅದಕ್ಕೇ ಹಾಯಿಗಳನ್ನು ಬಂಡೆಯ ಮೇಲೆ ಹರವಿ, ತೊಟ್ಟಿಯಲ್ಲಿ ಕೂಡಿಟ್ಟ ಮಳೆನೀರು ಸುರಿದು ತೊಳೆಯುತ್ತಿದ್ದೆವು. ಬಿಸಿಲಿದ್ದು ಗಾಳಿ ಇಲ್ಲದ ದಿನ ಕಂಬಗಳ ನಡುವೆ ಒಣಹಾಕುತ್ತಿದ್ದೆವು. ಗಾಳಿಯಿದ್ದರೆ ಪಟಪಟ ಬಡಿದುಕೊಂಡು ನೂಲು ಸವೆಯುತ್ತದೆ. ನಮ್ಮಲ್ಲಿ ಅಂಥ ದಿನ ಸಿಗುವುದು ದೇವರು ಕಣ್ಣುಬಿಟ್ಟಾಗ. ಆ ಒಂದು ತಿಂಗಳು ಎಲ್ವಿರಾ ಮೋಡ ನೋಡಿ ನೋಡಿ ಕತ್ತು ಉಳುಕಿಸಿಕೊಳ್ಳುತ್ತಿದ್ದಳು.

ಒಣಗಿದ ಮೇಲೆ ಹರಿದದ್ದನ್ನು ಹೊಲಿದು, ಸಡಿಲವಾಗಿ ಮಡಿಸಿ, ಹಳೇ ಹೊದಿಕೆಯಲ್ಲಿ ಸುತ್ತಿ, ಅಟ್ಟದ ತೊಲೆಗಳಿಂದ ಇಳಿಬಿಡುತ್ತಿದ್ದೆವು. ಇಲಿ ಇಳಿಯದಂತೆ ಪ್ರತಿ ಹಗ್ಗಕ್ಕೂ ಒಂದೊಂದು ತಗಡಿನ ಬಿಲ್ಲೆ. ಅಲ್ಲಿಗೆ ಉಳಿದವರ ಕೆಲಸ ಮುಗಿಯುತ್ತಿತ್ತು, ಎಲ್ವಿರಾಳದು ಮುಗಿಯುತ್ತಿರಲಿಲ್ಲ. ಮೂಗು ಚಾಚಿ ಒಂದೊಂದು ಗಂಟನ್ನೂ ಮೂಸುತ್ತಿದ್ದಳು. ಒಂದೇ ಗೆರೆಯಲ್ಲಿ ಬಟ್ಟೆ ಮುರಿಯಬಾರದೆಂದು ಇಳಿಸಿ, ಬಿಚ್ಚಿ, ಬೇರೆ ಕಡೆಯಿಂದ ಮಡಿಸುತ್ತಿದ್ದಳು. ಬಿಸಿಲು ಬಿದ್ದರೆ ಕಿಟಕಿ ತೆರೆ, ಮಂಜು ಬಂದರೆ ಮುಚ್ಚು. ಮಾಲ್ತೆ ತನ್ನ ಬೆಂಚಿನಿಂದ ತಲೆಯೆತ್ತದೆ, "ಇಲಿಗಳಿಗೂ ನೆಮ್ಮದಿ ಇಲ್ಲ ಈ ಮನೇಲಿ" ಎನ್ನುತ್ತಿದ್ದ.

ಮಾಲ್ತೆ ಬೆಳಗ್ಗೆ ಬೆಂಚಿನ ಮೇಲೆ ಕೂತರೆ ಕತ್ತಲಾದ ಮೇಲೆ ಏಳುವವನು. ಅವನ ಇಬ್ಬರು ಅಣ್ಣಂದಿರನ್ನು ಕಡಲು ಒಂದೇ ದಿನ ನುಂಗಿತ್ತು. ಅವರ ದೋಣಿಯ ಹಾಯಿ ಹೊಲಿದವನು ಅವರ ಅಪ್ಪನೇ. ಹಾಯಿ ಹರಿದು ಮುಳುಗಿದರೋ, ಅಲೆ ಬಡಿದು ಮುಳುಗಿದರೋ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಮಾಲ್ತೆ ಪ್ರತಿ ಹೊಲಿಗೆಯನ್ನೂ ಎರಡೂ ಕೈಯಲ್ಲಿ ಜಗ್ಗಿ ನೋಡದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಪೇಟೆಗೆ ಹೋಗುವ ಉಗಿದೋಣಿಯನ್ನು ಬಿಟ್ಟರೆ ಬೇರೆ ಯಾವ ದೋಣಿಗೂ ಕಾಲಿಟ್ಟವನಲ್ಲ.

ಎಲ್ವಿರಾ ಇದಕ್ಕೆ ತದ್ವಿರುದ್ಧ. ಅವಳಪ್ಪನದು ಸರಕು ಸಾಗಿಸುವ ಹಾಯಿಹಡಗು. ತಾಯಿ ಸತ್ತ ಮೇಲೆ ಮಗಳನ್ನು ದಡದಲ್ಲಿ ಬಿಡುವುದು ಯಾರ ಹತ್ತಿರವೆಂದು ಜೊತೆಗೇ ಕರೆದೊಯ್ದ. ಹತ್ತು ಹನ್ನೆರಡು ವರ್ಷ ಅವಳು ಡೆನ್ಮಾರ್ಕ್, ನಾರ್ವೆ ಎಂದು ಅಡುಗೆ ಮಾಡುತ್ತ, ಚುಕ್ಕಾಣಿ ಹಿಡಿಯುತ್ತ ಬೆಳೆದಳು. ಮೋಟಾರು ಹಡಗುಗಳು ಬಂದ ಮೇಲೆ ಅಪ್ಪ ಹಡಗು ಮಾರಿದ. ಹಾಯಿಗಳನ್ನು ಮಾಲ್ತೆಯ ಅಟ್ಟಕ್ಕೆ ತಂದುಕೊಟ್ಟವಳು ಇವಳೇ. ಹಾಗೆ ಶುರುವಾದದ್ದು ಮದುವೆಯಲ್ಲಿ ಮುಗಿಯಿತು. ಮಾಲ್ತೆ ಕೇಳಿದ್ದು ಒಂದೇ ಮಾತು: ಇನ್ನು ಮೇಲೆ ಕಡಲಿಗಿಳಿಯಬಾರದು. ಅವಳು ಒಪ್ಪಿದಳು. ಒಪ್ಪಿ ಇಪ್ಪತ್ತೇಳು ವರ್ಷ ನಡೆಸಿದಳು. ದಿನಕ್ಕೆ ನಾಲ್ಕು ಸಲ ದೋಣಿ ಕಟ್ಟುವ ಬಂದರುಕಟ್ಟೆಯ ತುದಿಯವರೆಗೆ ಹೋಗಿ ವಾಪಸು ಬರುತ್ತಿದ್ದಳು, ಅಷ್ಟೆ.

ಅಟ್ಟದ ಮೂಲೆಯಲ್ಲಿ ಯಾರೂ ಒಯ್ಯದ ಒಂದು ಹಾಯಿ ಇತ್ತು. ಬೂರೋಸ್ ಪಟ್ಟಣದ ಹಲ್ಲಿನ ಡಾಕ್ಟರು ಸುಂಡೆಲಿನ್ ಅವರದು. ಅವರ ದೋಣಿಯ ಹೆಸರು ಟೆರ್ನಾ. ಮೂತಿಯೂ ಬಾಲವೂ ಒಂದೇ ಥರ ಚೂಪಾಗಿದ್ದ, ಓಕ್ ಮರದ ಚಂದದ ದೋಣಿ. ಡಾಕ್ಟರ ಹೆಂಡತಿ ತೀರಿಕೊಂಡ ಮೇಲೆ ಅವರು ಗ್ರೋಶೇರ್ ಕಡೆ ತಲೆ ಹಾಕಲಿಲ್ಲ. ಎಲ್ಲರ ಹಾಯಿಗಳೂ ಮೇ ತಿಂಗಳಲ್ಲಿ ಮೆಟ್ಟಿಲಿಳಿದು ಹೋದರೆ ಅದೊಂದು ನೇತಾಡುತ್ತಲೇ ಇತ್ತು. ಹೀಗೆ ಮೂರು ಬೇಸಿಗೆ ಕಳೆದವು. ಎಲ್ವಿರಾ ಅದನ್ನೂ ಬಿಚ್ಚುತ್ತಿದ್ದಳು, ಮಡಿಸುತ್ತಿದ್ದಳು, ಮೂಸುತ್ತಿದ್ದಳು.

ಆ ವರ್ಷ ಚಳಿಗಾಲ ಮುಗಿಯುವುದನ್ನೇ ಮರೆತಿತ್ತು. ಹೊರಗಿನ ದ್ವೀಪಗಳವರೆಗೂ ಕಡಲು ಹೆಪ್ಪುಗಟ್ಟಿತ್ತು. ಎಲ್ವಿರಾ ಕಟ್ಟೆಯ ತುದಿಗೆ ಹೋದರೆ ನೋಡಲು ನೀರೇ ಇರಲಿಲ್ಲ. ಅಟ್ಟದಲ್ಲಿ ಕೆಲಸವಿದ್ದರೂ ಕೆಳಗಿಳಿಯುವಳು, ಕೆಳಗೆ ಬಂದು ಯಾಕೆ ಬಂದೆನೆಂದು ಮರೆತು ಮತ್ತೆ ಹತ್ತುವಳು. ಒಂದು ಬೆಳಗ್ಗೆ ಮೂಲೆಯಿಂದ ಅವಳ ದನಿ ಕೇಳಿಸಿತು.

"ಗೆರ್ಡಾ, ಬಾ ಇಲ್ಲಿ. ಇದೇನು ನೋಡು."

ಟೆರ್ನಾದ ದೊಡ್ಡ ಹಾಯಿಯ ಕೆಳಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು.

"ಬೂಷ್ಟು" ಎಂದೆ.

"ಬೂಷ್ಟು ಅಂತ ನಂಗೆ ಗೊತ್ತಿಲ್ವಾ? ನನ್ನ ಅಟ್ಟದಲ್ಲಿ!" ಅವಳ ಕೆನ್ನೆ ಕೆಂಪಾಗಿತ್ತು. "ತೊಳ್ದಿದೀನಿ, ಒಣಗ್ಸಿದೀನಿ, ಮಗೂನ ನೋಡ್ಕೊಂಡ ಹಾಗೆ ನೋಡ್ಕೊಂಡಿದೀನಿ. ಇನ್ನೇನು ಬೇಕಂತೆ ಇದಕ್ಕೆ?"

"ಕಡಲಿಗೆ ಒಯ್ಯದೆ ಮೂರು ವರ್ಷ ನೇತು ಹಾಕಿದ್ರೆ ನಿಂಗೂ ಹಿಡಿಯತ್ತೆ ಬೂಷ್ಟು" ಎಂದ ಮಾಲ್ತೆ ಬೆಂಚಿನಿಂದ. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ.

ಅಂದೇ ತೆಕ್ಲಾಳ ಅಂಗಡಿಗೆ ಹೋಗಿ ಬೂರೋಸಿಗೆ ಫೋನು ಮಾಡಿಸಿದಳು. ಆ ಫೋನಿನಲ್ಲಿ ಮಾತಾಡಿದ್ದು ಊರಿಗೆಲ್ಲ ಕೇಳಿಸುತ್ತಿತ್ತು.

"ಡಾಕ್ಟ್ರೇ, ಗ್ರೋಶೇರಿಂದ ಎಲ್ವಿರಾ. ನಿಮ್ಮ ಹಾಯಿಗೆ ಬೂಷ್ಟು ಬಂದಿದೆ... ಹಲ್ಲಲ್ಲ, ಹಾಯಿ! ಹಾ-ಯಿ! ಏನು ಮಾಡ್ಲಿ ಹೇಳಿ."

ಅತ್ತ ಏನೋ ಅಂದರು.

"ಏನು ಬೇಕಾದ್ರೂ ಅಂದ್ರೆ ಏನು ಡಾಕ್ಟ್ರೇ? ಹಲ್ಲು ನೋಯ್ತಿದೆ ಅಂತ ನಿಮ್ಮ ಹತ್ರ ಬಂದವರಿಗೆ ಏನು ಬೇಕಾದ್ರೂ ಮಾಡ್ತೀರಾ ನೀವು?"

ಮತ್ತೆ ಏನೋ ಅಂದರು. ಎಲ್ವಿರಾ ಫೋನು ಇಟ್ಟಳು. "ಏನು ಬೇಕಾದ್ರೂ ಮಾಡಿ ಅಂತೆ" ಎಂದು ತನಗೇ ಹೇಳಿಕೊಳ್ಳುತ್ತ ಹಿಮದಲ್ಲಿ ನಡೆದುಹೋದಳು.

ಮಂಜುಗಡ್ಡೆ ಒಡೆದ ವಾರವೇ ಸಿಕ್ಸ್ಟೆನ್ನನ ಹಿಂದೆ ಬಿದ್ದಳು. ಟೆರ್ನಾದ ಹಲಗೆ ಒಣಗಿ ಸಂದು ಬಿಟ್ಟಿದೆ, ನೀರಿಗಿಳಿಸು, ಉಬ್ಬಿಕೊಳ್ಳಲಿ ಎಂದಳು. ಸಿಕ್ಸ್ಟೆನ್, "ಯಜಮಾನ್ರು ಹೇಳಿದಾರಾ?" ಎಂದು ಕೇಳಿದ. "ಏನು ಬೇಕಾದ್ರೂ ಮಾಡಿ ಅಂದಿದಾರೆ. ತೆಕ್ಲಾನ ಕೇಳು." ಅದು ಸುಳ್ಳೂ ಅಲ್ಲವಲ್ಲ. ದೋಣಿ ಇಳಿಯಿತು. ಮೊದಲು ಬಾವಿಯಂತೆ ನೀರು ತುಂಬಿಕೊಂಡಿತು. ಅವಳು ದಿನಾ ಹೋಗಿ ಎತ್ತಿ ಚೆಲ್ಲಿದಳು. ಹಲಗೆಗಳು ಉಬ್ಬಿ ಸಂದು ಮುಚ್ಚಿಕೊಂಡವು.

ಹಾಯಿಯನ್ನು ಸಾಬೂನು ಹಾಕಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆದೆವು. ಚುಕ್ಕಿ ಮಾಸಿತು, ಪೂರ್ತಿ ಹೋಗಲಿಲ್ಲ. ಬಟ್ಟೆ ಇನ್ನೂ ಗಟ್ಟಿಯಾಗಿಯೇ ಇತ್ತು. ಇದಕ್ಕೆ ಬಿಸಿಲು ಬೇಕು, ದೋಣಿಯ ನಡುವಿನ ಕೂವೆಮರಕ್ಕೆ ಏರಿಸಿ ಒಣಗಿಸುತ್ತೇನೆ ಎಂದಳು ಎಲ್ವಿರಾ. ಮಾಲ್ತೆ ಬೇಡ ಅನ್ನಲಿಲ್ಲ. ಕಟ್ಟೆಗೆ ಕಟ್ಟಿದ ದೋಣಿಯಲ್ಲಿ ಹಾಯಿ ಒಣಗಿಸಿದರೆ ಯಾವ ಮಾತೂ ಮುರಿದಂತಲ್ಲ.

ಏಪ್ರಿಲ್ ತಿಂಗಳ ತಿಳಿಯಾದ ಬೆಳಗು. ಬಡಗಣದಿಂದ ಹಗುರ ಗಾಳಿ. ನಾನೂ ಅವಳೂ ಸೇರಿ ಹಾಯಿಯನ್ನು ಕೂವೆಗೆ ಕಟ್ಟಿ ಏರಿಸಿದೆವು. ಮೂರು ವರ್ಷ ಕಟ್ಟಿಟ್ಟ ಬಟ್ಟೆ ಸುಕ್ಕುಸುಕ್ಕಾಗಿತ್ತು, ನೋಡನೋಡುತ್ತ ತುಂಬಿಕೊಂಡು ನಯವಾಯಿತು. ದೋಣಿ ಹಗ್ಗ ಜಗ್ಗತೊಡಗಿತು. ಎಲ್ವಿರಾ ಚುಕ್ಕಾಣಿಯ ಹತ್ತಿರ ನಿಂತಿದ್ದಳು. ಅವಳ ಮುಖದಲ್ಲಿ ನಾನು ಅದುವರೆಗೆ ಕಾಣದ ಏನೋ ಇತ್ತು. ಹೆದರಿಕೆಯಿರಬೇಕು ಎಂದುಕೊಂಡೆ.

"ಗೆರ್ಡಾ, ಆ ಹಗ್ಗ ಬಿಚ್ಚು."

"ಯಾವ್ದು?"

"ಎರಡೂ."

"ಎಲ್ವಿರಕ್ಕಾ, ಎಲ್ಲಿಗೆ?"

"ಗೊತ್ತಿಲ್ಲ. ಬಿಚ್ಚೇ! ಮನಸ್ಸು ಬದ್ಲಾಗೋ ಮುಂಚೆ ಬಿಚ್ಚು!"

ಬಿಚ್ಚಿದೆ. ಯಾಕೆ ಬಿಚ್ಚಿದೆ ಎಂದು ಊರವರೆಲ್ಲ ಆಮೇಲೆ ಕೇಳಿದರು. ಆ ಮುಖ ನೋಡಿದವರು ಯಾರೇ ಆದರೂ ಬಿಚ್ಚುತ್ತಿದ್ದರು. ದೋಣಿ ಕಟ್ಟೆಯನ್ನು ಬಿಟ್ಟು ಸರಿಯಿತು. ನೀರ ಮೇಲಿಂದ ಅವಳು ಕೂಗಿದಳು: "ಊಟಕ್ಕೆ ಹೆರಿಂಗ್ ಮೀನು ನೆನೆಹಾಕಿದೀನಿ ಅಂತ ಮಾಲ್ತೆಗೆ ಹೇಳು!"

ಅಟ್ಟದ ಮೆಟ್ಟಿಲು ಹತ್ತಿದೆ. ಮಾಲ್ತೆ ಕಿಟಕಿಯ ಹತ್ತಿರ ನಿಂತಿದ್ದ. ನೋಡಿಬಿಟ್ಟಿದ್ದ.

"ಹೆರಿಂಗ್ ನೆನೆಹಾಕಿದಾಳಂತೆ" ಎಂದೆ.

"ಆ ಹಾಯೀನ ಕಟ್ಟೋ ಮುಂಚೆ ಮೇಲಿನ ಹೊಲಿಗೆ ಜಗ್ಗಿ ನೋಡಿದ್ಳಾ?"

"ನೋಡ್ಲಿಲ್ಲ."

ಅವನು ಬೆಂಚಿಗೆ ಹೋದ, ಕೂತ, ಎದ್ದ. ಹಿಂದೆಂದೂ ಹಾಗೆ ಎದ್ದವನಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಗಿನ ಬಂಡೆಗಳನ್ನು ದಾಟಿ ಪಡುವಣಕ್ಕೆ ಹೋಗುತ್ತಿದ್ದ ಹಾಯಿಯನ್ನು ಫೋಲ್ಕೆ ದುರ್ಬೀನಿನಲ್ಲಿ ಕಂಡ. ಆಮೇಲೆ ಕಾಣಲಿಲ್ಲ. ಮಾರನೆಯ ದಿನ ಗಾಳಿ ನೈಋತ್ಯಕ್ಕೆ ತಿರುಗಿ ಬಲವಾಯಿತು. ಬಂದರಿನೊಳಗೇ ಅಲೆ ಕಟ್ಟೆ ಹತ್ತಿತು. ಆ ಅಲೆಯ ನಡುವೆ ಓಲಾಡುತ್ತ ಬಂದ ಉಗಿದೋಣಿಯಿಂದ ಹಸಿರು ಮುಖ ಮಾಡಿಕೊಂಡು ಇಳಿದವರು ಡಾಕ್ಟರು ಸುಂಡೆಲಿನ್. ಫೋನಿನಲ್ಲಿ ಬೈಸಿಕೊಂಡದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತಂತೆ, ಕೊನೆಗೆ ತಡೆಯಲಾರದೆ ಹೊರಟು ಬಂದಿದ್ದರು.

ಅಟ್ಟ ಹತ್ತಿ ಬಂದು ಟೋಪಿ ತೆಗೆದು, "ನನ್ನ ಹಾಯಿ ನೋಡೋಣ ಅಂತ ಬಂದೆ" ಎಂದರು.

ಮಾಲ್ತೆ ಕಿಟಕಿಯ ಕಡೆ ಕೈ ತೋರಿಸಿದ. "ಅಲ್ಲೆಲ್ಲೋ ಇದೆ. ನನ್ನ ಹೆಂಡ್ತೀನೂ ಅಲ್ಲೇ ಇದಾಳೆ."

ಡಾಕ್ಟರು ಸಿಟ್ಟಾಗುತ್ತಾರೆ, ಪೊಲೀಸರನ್ನು ಕರೆಸುತ್ತಾರೆ ಎಂದು ನಾನು ಕಾದೆ. ಅವರು ಮೆಲ್ಲಗೆ ಹಾಯಿಗಳ ಗಂಟೊಂದರ ಮೇಲೆ ಕುಕ್ಕರಿಸಿದರು. "ಒಬ್ರೇನಾ?"

"ಒಬ್ಳೇ."

"ನಂಗೆ ಒಬ್ಬನಿಗೆ ಬರ್ತಿರ್ಲಿಲ್ಲ. ಚುಕ್ಕಾಣಿ ಹಿಡೀತಿದ್ದದ್ದು ಎಬ್ಬಾ. ನಾನು ರೊಟ್ಟಿ ಡಬ್ಬ ಹಿಡ್ಕೊಂಡು ಮುಂದೆ ಕೂರ್ತಿದ್ದೆ." ಎಬ್ಬಾ ಅವರ ತೀರಿಹೋದ ಹೆಂಡತಿ. "ದೋಣಿ ನಂದು ಅಂತ ಎಲ್ರೂ ಅಂದ್ಕೊಂಡಿದ್ರು."

ಮಾಲ್ತೆಗೆ ಮಾತು ಬೇಡವಾಗಿತ್ತು. ಆದರೆ ಸುಮ್ಮನಿರಲೂ ಆಗಲಿಲ್ಲ. ಗುಡ್ಡ ಹತ್ತಿ ಕಾವಲುಮನೆಗೆ ಹೋದ, ಇಳಿದು ಬಂದ, ಒಲೆಗೆ ಕಟ್ಟಿಗೆ ಹಾಕಿದ, ಮತ್ತೆ ಹತ್ತಿದ. ಡಾಕ್ಟರು ಪೇಟೆಯ ಬೂಟು ಹಾಕಿಕೊಂಡು ಜಾರುತ್ತ ಹಿಂದೆ ಹೋದರು. ದುರ್ಬೀನನ್ನು ಮಾಲ್ತೆ ಫೋಲ್ಕೆಯ ಕೈಗೆ ಕೊಡಲೇ ಇಲ್ಲ. "ಗಾಜು ಸವೀತದೆ ಮಾಲ್ತೆಯಣ್ಣ" ಎಂದ ಫೋಲ್ಕೆ. ಮಾಲ್ತೆಯ ಕಣ್ಣಲ್ಲಿ ನೀರಿತ್ತು. ಗಾಳಿಗೆ ಬಂದದ್ದು ಎಂದು ಫೋಲ್ಕೆ ನನ್ನ ಹತ್ತಿರ ಹೇಳಿದ. ಗಾಳಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗುಡ್ಡ ಇಳಿಯುವಾಗ ಮಾಲ್ತೆ ಡಾಕ್ಟರಿಗೆ ಅಂದನಂತೆ: "ಅಣ್ಣಂದಿರು ಹೋದಾಗ ಅಪ್ಪ ಹೀಗೇ ಹತ್ತಿ ಇಳೀತಿದ್ದ. ನಾನು ಇದನ್ನ ಮಾಡ್ಬಾರ್ದು ಅಂತಾನೇ ಅವಳ ಹತ್ರ ಮಾತು ತಗೊಂಡಿದ್ದು. ಕಡಲ ಮೇಲಿನ ಹೆದ್ರಿಕೆ ಅಲ್ಲ ಡಾಕ್ಟ್ರೇ. ಕಾಯೋದ್ರ ಹೆದ್ರಿಕೆ."

ಅದರ ಮರುದಿನ ತೆಕ್ಲಾ ಅಂಗಡಿ ಬಾಗಿಲು ಹಾಕದೆ, ತಲೆಗೆ ಕಟ್ಟಿದ ಚೌಕ ಜಾರಿದರೂ ಲಕ್ಷ್ಯವಿಲ್ಲದೆ ಓಡಿ ಬಂದಳು. "ಫೋನು! ಡೆನ್ಮಾರ್ಕಿಂದ! ಸ್ಕಾಗೆನ್ನಿಂದ!"

ನಾವೆಲ್ಲ ಅಂಗಡಿಯೊಳಗೆ ತುಂಬಿಕೊಂಡೆವು. ಫೋನಿನಿಂದ ಎಲ್ವಿರಾಳ ದನಿ ಹೊರಗೆ ನಿಂತವರಿಗೂ ಕೇಳಿಸಿತು. "ಮಾಲ್ತೆ, ಮೇಲಿನ ಹೊಲಿಗೆ ಬಿಟ್ಟುಹೋಯ್ತು. ಅರ್ಧ ಹಾಯೀಲಿ ಬಂದು ಸೇರ್ದೆ. ನಾನು ಚೆನ್ನಾಗಿದೀನಿ."

ಮಾಲ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಮಾಲ್ತೆ? ಇದೀಯಾ?"

"ಯಾವ ದಾರ ಇದೆ ನಿನ್ನ ಹತ್ರ?" ಎಂದ ಕೊನೆಗೆ.

"ಇಲ್ಲಿ ಮೀನುಗಾರರು ಕೊಟ್ಟಿದ್ದು. ಅಗಸೆ ನೂಲು."

"ಮೇಣ ಹಚ್ಚು. ಎರಡು ಸಾಲು ಹಾಕು. ಈ ಬಿರುಗಾಳಿ ನಿಲ್ಲೋವರ್ಗೂ ಹೊರಡ್ಬೇಡ." ಫೋನು ಇಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಅವಳು ವಾಪಸು ಬಂದ ದಿನ ಊರಲ್ಲಿ ಎಲ್ಲರಿಗೂ ಕಟ್ಟೆಯ ಮೇಲೇ ಕೆಲಸವಿತ್ತು. ಬಲೆ ನೋಡುವವರು, ಸರಿಯಾಗಿಯೇ ಇದ್ದ ಹುಟ್ಟಿಗೆ ಎಣ್ಣೆ ಹಚ್ಚುವವರು. ಎಲ್ವಿರಾ ಹಾಯಿ ಇಳಿಸುತ್ತ ತೇಲಿ ಬಂದಳು. ಮುಖ ಗಾಳಿಗೆ ಸುಟ್ಟು ಮೂಗಿನ ಸಿಪ್ಪೆ ಎದ್ದಿತ್ತು. ಅವಳು ಎಸೆದ ಹಗ್ಗವನ್ನು ಹಿಡಿದವನು ಮಾಲ್ತೆ. ಕಟ್ಟಿದ, ಗಂಟನ್ನು ಜಗ್ಗಿ ನೋಡಿದ, ಮನೆಗೆ ಹೋದ. ಅಲ್ಲಿಯವರೆಗೂ ಊರಲ್ಲೇ ಉಳಿದಿದ್ದ ಡಾಕ್ಟರು ಮುಂದೆ ಬಂದು ಕೈ ಕೊಟ್ಟು ಅವಳನ್ನು ಇಳಿಸಿಕೊಂಡರು.

"ನಿಮ್ಮ ದೋಣಿ ಕದ್ದೆ ಡಾಕ್ಟ್ರೇ" ಎಂದಳು.

"ಏನು ಬೇಕಾದ್ರೂ ಮಾಡಿ ಅಂದಿದ್ದೆನಲ್ಲ" ಎಂದರು ಅವರು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಹಲಗೆ ಗೋಡೆ. ಆ ಸಂಜೆ ನಮಗೆ ಕೇಳಿಸಿದ ಮಾತು ಇಷ್ಟು.

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಮುರ್ದೆ."

"ಮತ್ತೆ ಮುರೀತೀಯಾ?"

ಆಮೇಲೆ ಅವಳ ದನಿ: "ಇಲ್ಲ ಅಂತ ಹೇಳಿದ್ರೆ ಅದು ಸುಳ್ಳಾಗತ್ತೆ ಮಾಲ್ತೆ."

ಬಾಗಿಲು ತೆರೆದ ಸದ್ದಾಯಿತು. ಮಾಲ್ತೆ ಹಾಸಿಗೆ ಹೊತ್ತುಕೊಂಡು ಅಟ್ಟಕ್ಕೆ ಹೋದ. ಜೂನಿನ ನಡುಬೇಸಿಗೆ ಹಬ್ಬದವರೆಗೂ ಅಲ್ಲೇ ಮಲಗಿದ. ಹಬ್ಬದ ದಿನ ಊರೆಲ್ಲ ಹೂವಿನ ಕಂಬದ ಸುತ್ತ ಕುಣಿಯುತ್ತಿದ್ದಾಗ ಎಲ್ವಿರಾ ಅಟ್ಟ ಹತ್ತಿ, ಅವನ ಬೆಂಚಿನ ಎದುರು ತಾನೂ ಒಂದು ಬೆಂಚು ಎಳೆದುಕೊಂಡು ಕೂತು ಹೊಲಿದಳಂತೆ. ಏನು ಮಾತಾಡಿದರೋ ನಮಗೆ ಗೊತ್ತಿಲ್ಲ. ರಾತ್ರಿಯಾಗುವ ಮುಂಚೆ ಹಾಸಿಗೆ ಕೆಳಗೆ ಬಂತು.

ಒಪ್ಪಂದವೇನೋ ಆಗಿತ್ತು. ಡಾಕ್ಟರು ಜುಲೈಯಲ್ಲಿ ಬಂದರೆ ಎಲ್ವಿರಾ ಚುಕ್ಕಾಣಿ ಹಿಡಿಯುವಳು, ಅವರು ಡಬ್ಬ ಹಿಡಿದು ಮುಂದೆ ಕೂರುವರು. ಉಳಿದ ದಿನ ಅವಳು ಹೋಗಬಹುದು, ಆದರೆ ಎಲ್ಲಿಗೆ, ಯಾವಾಗ ವಾಪಸು ಎಂದು ಹೇಳಿ ಹೋಗಬೇಕು, ಹಾಯಿಯ ಪ್ರತಿ ಹೊಲಿಗೆಯನ್ನೂ ಮಾಲ್ತೆ ನೋಡಿದ ಮೇಲೆಯೇ ಕಟ್ಟಬೇಕು. ಅವಳು ಹೋದ ದಿನ ಅವನು ಗುಡ್ಡ ಹತ್ತುವುದು ತಪ್ಪಲಿಲ್ಲ. ಅವಳ ಕಾಲಿನ ಚಡಪಡಿಕೆ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. ಕಡಲಲ್ಲಿದ್ದರೆ ಗುಡ್ಡದ ಮೇಲೆ ಅವನಿದ್ದಾನೆಂದು ಬೇಗ ತಿರುಗುವಳು, ದಡಕ್ಕೆ ಬಂದರೆ ಬೇಗ ಬಂದೆನೆಂದು ಪರಿತಪಿಸುವಳು. ಒಮ್ಮೆ ನನ್ನ ಹತ್ತಿರ ಅಂದಳು: "ಮುಂಚೆ ನಂಗೊಬ್ಳಿಗೇ ಇತ್ತು ಈ ರೋಗ. ಈಗ ಅವ್ನಿಗೂ ಹಚ್ಚಿಬಿಟ್ಟೆ ನೋಡು."

ಮಾಲ್ತೆ ತೀರಿಕೊಂಡದ್ದು ಒಂದು ಮಾರ್ಚ್ ತಿಂಗಳಲ್ಲಿ, ಎದೆನೋವಿನಿಂದ, ಬೆಂಚಿನ ಮೇಲೆ. ಆ ವರ್ಷ ಟೆರ್ನಾ ನೀರಿಗಿಳಿಯಲಿಲ್ಲ. "ಈಗ ತಡೆಯೋರು ಯಾರೂ ಇಲ್ವಲ್ಲ, ಹೋಗಬಹುದಲ್ಲ ಎಲ್ವಿರಕ್ಕ" ಎಂದು ನಾನೇ ಹೇಳಿದೆ.

"ಅವ್ನು ತಡೀತಿದ್ದ ಅಂದ್ಕೊಂಡ್ಯಾ?" ಎಂದಳು. "ಕಾಯ್ತಿದ್ದ. ಕಾಯೋರಿಲ್ದೆ ಹೋದ್ರೆ ಅದು ಹೋಗೋದಲ್ಲ ಗೆರ್ಡಾ, ಕಳ್ದು ಹೋಗೋದು."

ಅದರ ಮುಂದಿನ ವರ್ಷ ಡಾಕ್ಟರ ತಂಗಿಯ ಮಗಳು ರಾಗ್ನಿ ಎಂಬ ಹುಡುಗಿ ದೋಣಿ ನಡೆಸಲು ಕಲಿಯಬೇಕೆಂದು ಬಂದಳು. ಎಲ್ವಿರಾ ಅವಳಿಗೆ ಕಲಿಸಿದಳು, ಬೈದು ಬೈದು ಕಲಿಸಿದಳು. ಆ ಹೊತ್ತಿಗೆ ಹೊಸ ಬಗೆಯ ಹಾಯಿಬಟ್ಟೆ ಬಂದಿತ್ತು, ಅದಕ್ಕೆ ಬೂಷ್ಟು ಹಿಡಿಯುವುದಿಲ್ಲ, ತೊಳೆಯುವುದೂ ಬೇಡ ಎಂದು ಜನ ನಂಬಿದ್ದರು. ಸೆಪ್ಟೆಂಬರಿನಲ್ಲಿ ರಾಗ್ನಿ ತನ್ನ ಹೊಸ ಹಾಯಿಯನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿಕೊಂಡು ಅಟ್ಟಕ್ಕೆ ತಂದಳು. ಎಲ್ವಿರಾ ಚೀಲಕ್ಕೆ ಕೈ ಹಾಕಿ, ಬೆರಳನ್ನು ನಾಲಗೆಗೆ ಮುಟ್ಟಿಸಿಕೊಂಡಳು.

"ಉಪ್ಪು."

"ಇದಕ್ಕೇನೂ ಆಗಲ್ಲ ಎಲ್ವಿರಜ್ಜಿ, ಕೊಳೆಯಲ್ಲ ಇದು."

"ಬಟ್ಟೆ ಕೊಳೆಯಲ್ಲ, ಒಪ್ದೆ. ಹೊಲ್ದಿರೋ ದಾರ? ಮಡಿಕೇಲಿ ಕೂತ ಉಪ್ಪಿನ ಹರಳು ಉಜ್ಜಿ ಉಜ್ಜಿ ದಾರ ಕಡೀತದೆ. ಎತ್ತು, ನಡಿ ಬಂಡೆಗೆ. ಗೆರ್ಡಾ, ತೊಟ್ಟೀಲಿ ನೀರಿದ್ಯಾ ನೋಡು. ಬೇಗ, ಪಡುವಣದಲ್ಲಿ ಮೋಡ ಏಳ್ತಿದೆ!"

ಅಷ್ಟು ಹೇಳುವಷ್ಟರಲ್ಲಿ ಅರ್ಧ ಮೆಟ್ಟಿಲು ಇಳಿದಾಗಿತ್ತು. ನಾನು ಬಕೆಟ್ಟು ಹುಡುಕಿದೆ. ರಾಗ್ನಿ ಚೀಲ ಹೊತ್ತು ಓಡಿದಳು.